ಅಮೆರಿಕ ಸರ್ಕಾರದ ಪರ ನೌಕರಿ ಕೇಸು ನಡೆಸುವುದು ಹೇಗೆ: ಹೊಸದಾಗಿ ಬರುವ ವಕೀಲರಿಗೆ

ಊರಿಗೆ ಹೋದಾಗೆಲ್ಲ ಚಿಕ್ಕಪ್ಪ ಕೇಳುತ್ತಾರೆ, "ಅಲ್ಲಿ ನೀನು ಎಂಥ ಕೇಸು ನಡೆಸ್ತೀಯಮ್ಮ?" ಅವರು ಲೋಕೋಪಯೋಗಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ಕೆಎಟಿ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ) ಮೆಟ್ಟಿಲು ಹತ್ತಿ ಇಳಿದವರು. ಹಾಗಾಗಿ ಅವರಿಗೆ ಹೇಳುವುದು ಸುಲಭ. ಕೆಎಟಿಯಲ್ಲಿ ನೌಕರನ ಎದುರು ಸರ್ಕಾರದ ಪರ ನಿಲ್ಲುವ ವಕೀಲರಿರುತ್ತಾರಲ್ಲ, ಅದೇ ಕೆಲಸವನ್ನು ನಾನು ಅಮೆರಿಕದ ಫೆಡರಲ್ ಸರ್ಕಾರಕ್ಕೆ ಮಾಡುತ್ತೇನೆ.

ಈಗ ಇಲ್ಲಿ ಲಾ ಸ್ಕೂಲಿನಲ್ಲಿ ಓದುತ್ತಿರುವ ನಮ್ಮ ಮಕ್ಕಳು, ಬೆಂಗಳೂರಿನಿಂದ ಎಲ್‌ಎಲ್‌ಎಂ ಮಾಡಲು ಬಂದವರು ಕೂಡ ಇದೇ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ. ಇದರಲ್ಲಿ ನಾನು ಮತ್ತೆ ಮತ್ತೆ ಹೇಳುವ ಮಾತು ಒಂದೇ: ನೌಕರನ ಮೇಲೆ ಕ್ರಮ ತೆಗೆದುಕೊಂಡ ದಿನ ಫೈಲಿನಲ್ಲಿ ಏನಿತ್ತೋ, ಕೇಸು ಅದರ ಮೇಲೇ ನಿಲ್ಲುತ್ತದೆ. ಆ ಫೈಲನ್ನು ಬೇಗ ಓದಿ, ಪೂರ್ತಿ ಓದಿ, ಅದರಲ್ಲಿ ಕಂಡದ್ದನ್ನು ಮೊದಲು ನಿಮ್ಮ ಕಡೆಯವರಿಗೇ ಹೇಳಿ.

ಯಾವ ಕುರ್ಚಿ ಬೇಕು ಅಂತ ಮೊದಲು ನೋಡಿ

ಸರ್ಕಾರದ ವಕೀಲರು ಅಂದರೆ ಎಲ್ಲರೂ ಒಂದೇ ಕಡೆ ಕೂರುವುದಿಲ್ಲ. ಪ್ರತಿ ಇಲಾಖೆಗೂ, ಅಂದರೆ ಏಜೆನ್ಸಿಗೂ, ತನ್ನದೇ ಜನರಲ್ ಕೌನ್ಸೆಲ್ ಕಚೇರಿ ಇರುತ್ತದೆ. ಅಲ್ಲಿನ ಏಜೆನ್ಸಿ ಕೌನ್ಸೆಲ್ ನಡೆಸುವುದು ಎರಡು ಕಡೆಯ ಕೇಸುಗಳನ್ನು. ವಜಾ, ಹಿಂಬಡ್ತಿ, ದೀರ್ಘ ಅಮಾನತಿನ ಮೇಲ್ಮನವಿ ಕೇಳುವ ಎಂಎಸ್‌ಪಿಬಿ (ಮೆರಿಟ್ ಸಿಸ್ಟಮ್ಸ್ ಪ್ರೊಟೆಕ್ಷನ್ ಬೋರ್ಡ್) ಒಂದು, ತಾರತಮ್ಯದ ದೂರು ಕೇಳುವ ಇಇಒಸಿ (ಸಮಾನ ಉದ್ಯೋಗಾವಕಾಶ ಆಯೋಗ) ಇನ್ನೊಂದು. ಕೇಸು ಫೆಡರಲ್ ಕೋರ್ಟಿಗೆ ಹೋಯಿತೋ, ವಾದ ಮಾಡುವ ಅಧಿಕಾರ ನ್ಯಾಯ ಇಲಾಖೆಗೆ ಹೋಗುತ್ತದೆ. ಜಿಲ್ಲಾ ಕೋರ್ಟಿನಲ್ಲಿ ಸಾಮಾನ್ಯವಾಗಿ ಅಸಿಸ್ಟೆಂಟ್ ಯುಎಸ್ ಅಟಾರ್ನಿ ನಿಲ್ಲುತ್ತಾರೆ. ಎಂಎಸ್‌ಪಿಬಿ ತೀರ್ಪಿನ ಮೇಲೆ ವಾಷಿಂಗ್ಟನ್ನಿನ ಫೆಡರಲ್ ಸರ್ಕ್ಯೂಟ್ ಕೋರ್ಟಿಗೆ ಹೋದರೆ ನ್ಯಾಯ ಇಲಾಖೆಯ ಸಿವಿಲ್ ವಿಭಾಗದವರು. ಆಗ ನೀವು ಅವರ ಪಕ್ಕ ಕೂತು ಫೈಲು, ಸಾಕ್ಷಿ, ಹಿನ್ನೆಲೆ ಎಲ್ಲ ಒದಗಿಸುತ್ತೀರಿ.

ಸ್ವತಃ ಸಾಕ್ಷಿ ವಿಚಾರಣೆ ಮಾಡಬೇಕು, ಪಾಟೀಸವಾಲು ಕಲಿಯಬೇಕು ಅನ್ನುವವರಿಗೆ ನನ್ನ ಸಲಹೆ ಏಜೆನ್ಸಿ ಕೌನ್ಸೆಲ್. ದೊಡ್ಡ ಖಾಸಗಿ ಫರ್ಮುಗಳಲ್ಲಿ ಹಲವು ವರ್ಷವಾದರೂ ಒಬ್ಬ ಸಾಕ್ಷಿಯನ್ನೂ ಮುಟ್ಟದ ವಕೀಲರಿದ್ದಾರೆ. ಇಲ್ಲಿ ಮೊದಲ ವರ್ಷವೇ ಕೇಸು ನಿಮ್ಮ ಹೆಸರಿಗೆ ಬರಬಹುದು.

ಒಳಗೆ ಬರುವ ದಾರಿ

ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚುಕಮ್ಮಿ ಎಲ್ಲ ಹುದ್ದೆಗೂ ಅಮೆರಿಕದ ಪೌರತ್ವ ಬೇಕು. ಎಚ್-1ಬಿ ವೀಸಾ ಇದ್ದವರಿಗೆ ಈ ಬಾಗಿಲು ಮುಚ್ಚಿದಂತೆಯೇ. ಇನ್ನೊಂದು, ಬೆಂಗಳೂರಿನ ಎಲ್‌ಎಲ್‌ಬಿ ಮೇಲೆ ಇಲ್ಲಿ ಎಲ್‌ಎಲ್‌ಎಂ ಮಾಡಿ ನ್ಯೂಯಾರ್ಕ್ ಅಥವಾ ಕ್ಯಾಲಿಫೋರ್ನಿಯಾದ ಬಾರ್ ಪರೀಕ್ಷೆ ಬರೆಯಬಹುದು ನಿಜ, ಆದರೆ ಸರ್ಕಾರಿ ಪ್ರಕಟಣೆಗಳಲ್ಲಿ ಬಹುಪಾಲು ಕಡೆ ಕೇಳುವುದು ಮಾನ್ಯತೆ ಪಡೆದ ಅಮೆರಿಕದ ಲಾ ಸ್ಕೂಲಿನ ಜೆಡಿ ಪದವಿಯನ್ನು. ಫೀಸು ಕಟ್ಟುವ ಮುಂಚೆಯೇ ಇದನ್ನು ತಿಳಿದುಕೊಂಡಿರಿ.

ಒಳ್ಳೇ ಸುದ್ದಿಯೂ ಇದೆ. ಯಾವುದಾದರೂ ಒಂದು ರಾಜ್ಯದ ಬಾರ್ ಸದಸ್ಯತ್ವ ಚಾಲ್ತಿಯಲ್ಲಿದ್ದರೆ ಸಾಮಾನ್ಯವಾಗಿ ಸಾಕು. ಟೆಕ್ಸಸ್‌ನ ಲೈಸೆನ್ಸ್ ಇಟ್ಟುಕೊಂಡು ಚಿಕಾಗೋದಲ್ಲಿ ಕೆಲಸ ಮಾಡಬಹುದು. ಹುದ್ದೆಗಳನ್ನು ಫೆಡರಲ್ ಸರ್ಕಾರದ ನೌಕರಿ ಜಾಲತಾಣ ಯುಎಸ್‌ಎ ಜಾಬ್ಸ್‌ನಲ್ಲಿ 0905 ಅನ್ನುವ ವಕೀಲರ ಸರಣಿ ಸಂಖ್ಯೆ ಹಾಕಿ ಹುಡುಕಿ. ವಕೀಲರ ನೇಮಕಾತಿಗೆ ಮಾಮೂಲಿ ಸ್ಪರ್ಧಾತ್ಮಕ ನಿಯಮ ಅನ್ವಯವಾಗುವುದಿಲ್ಲ, ಹಾಗಾಗಿ ಕೆಲವು ಏಜೆನ್ಸಿಗಳು ತಮ್ಮ ಸ್ವಂತ ಪುಟದಲ್ಲಷ್ಟೇ ಪ್ರಕಟಿಸುತ್ತವೆ. ಅಲ್ಲೂ ಕಣ್ಣಿಟ್ಟಿರಿ. ಕೊನೆಯ ವರ್ಷದಲ್ಲಿ ಓದುತ್ತಿರುವವರಿಗೆ ನ್ಯಾಯ ಇಲಾಖೆಯ ಆನರ್ಸ್ ಪ್ರೋಗ್ರಾಂ ಇದೆ, 1953ರಿಂದ ನಡೆಯುತ್ತಿದೆ, ಅರ್ಜಿಯ ಸಮಯ ಸಾಮಾನ್ಯವಾಗಿ ಅಮೆರಿಕದ ಬೇಸಿಗೆಯ ಕೊನೆ, ಅಂದರೆ ಆಗಸ್ಟ್ ಹೊತ್ತು. 2025ರ ಜನವರಿಯಲ್ಲಿ ಫೆಡರಲ್ ನೇಮಕಾತಿಗೆ ತಡೆ ಬಿದ್ದದ್ದು ನಿಮಗೆ ನೆನಪಿರಬೇಕು. ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ, ಜೊತೆಗೆ ರಾಜ್ಯ ಸರ್ಕಾರ, ನಗರಸಭೆಗಳ ಕಾನೂನು ಕಚೇರಿಗಳಿಗೂ ಅರ್ಜಿ ಹಾಕಿ.

ಹಿನ್ನೆಲೆ ತಪಾಸಣೆ ಬಗ್ಗೆ ನಮ್ಮವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಭದ್ರತಾ ಅನುಮತಿ ಬೇಕಾದ ಹುದ್ದೆಗೆ ಎಸ್‌ಎಫ್-86 ಅನ್ನುವ ಉದ್ದನೆಯ ಫಾರಂ ತುಂಬಬೇಕು. ಅದರಲ್ಲಿ ಹೊರದೇಶದಲ್ಲಿರುವ ಅಪ್ಪ, ಅಮ್ಮ, ಅಣ್ಣತಮ್ಮಂದಿರ ವಿವರ, ಹಿಂದಿನ 7 ವರ್ಷದ ವಿದೇಶ ಪ್ರಯಾಣ, ಹೊರದೇಶದ ಬ್ಯಾಂಕ್ ಖಾತೆ, ಆಸ್ತಿ ಎಲ್ಲ ಕೇಳುತ್ತಾರೆ. ಅಪ್ಪನ ಜೊತೆ ಇರುವ ಜಂಟಿ ಖಾತೆ ನಿಮ್ಮ ಹೆಸರಲ್ಲೂ ಇದೆ ಅನ್ನುವುದು ನಿಮಗೆ ಮರೆತೇ ಹೋಗಿರಬಹುದು. ಅಜ್ಜ ತೀರಿಕೊಂಡ ಮೇಲೆ ಪಹಣಿಯಲ್ಲಿ ನಿಮ್ಮ ಹೆಸರೂ ಸೇರಿರಬಹುದು. ಊರಿಗೆ ಫೋನ್ ಮಾಡಿ ಮೊದಲೇ ಕೇಳಿಕೊಳ್ಳಿ. ಇದ್ದರೆ ಅದೇನೂ ತಪ್ಪಲ್ಲ. ಇದ್ದೂ ಬರೆಯದಿದ್ದರೆ ತೊಂದರೆ.

ಎರಡು ದಾರಿ, ಒಂದಷ್ಟು ಗಡುವು

ಕೆಲಸಕ್ಕೆ ಸೇರಿದ ಮೊದಲ ವಾರ ಬಾಯಿಪಾಠ ಆಗಬೇಕಾದದ್ದು ಇದು.

ತಾರತಮ್ಯದ ದೂರಿನ ದಾರಿ ಹೀಗಿದೆ: ಘಟನೆ ನಡೆದ 45 ದಿನದೊಳಗೆ ನೌಕರ ಏಜೆನ್ಸಿಯದೇ ಇಇಒ (ಸಮಾನ ಉದ್ಯೋಗಾವಕಾಶ) ಕೌನ್ಸಿಲರ್ ಹತ್ತಿರ ಹೋಗಬೇಕು. ಅಲ್ಲಿ ಬಗೆಹರಿಯದಿದ್ದರೆ ನೋಟಿಸ್ ಸಿಕ್ಕ 15 ದಿನದಲ್ಲಿ ಲಿಖಿತ ದೂರು. ಆಮೇಲೆ ಏಜೆನ್ಸಿ 180 ದಿನದಲ್ಲಿ ತನಿಖೆ ಮುಗಿಸಬೇಕು. ತನಿಖಾ ವರದಿ ಕೈಗೆ ಬಂದ 30 ದಿನದಲ್ಲಿ ನೌಕರ ಇಇಒಸಿಯ ಆಡಳಿತಾತ್ಮಕ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಬಹುದು. ನೀವು ಸಾಮಾನ್ಯವಾಗಿ ಕೇಸಿಗೆ ಇಳಿಯುವುದು ಆಗ. ಕೊನೆಗೆ ಏಜೆನ್ಸಿಯ ಅಂತಿಮ ಆದೇಶ ಬಂದ ಮೇಲೆ ಕೋರ್ಟಿಗೆ ಹೋಗಲು ನೌಕರನಿಗೆ 90 ದಿನ ಇರುತ್ತದೆ.

ಇಲ್ಲಿ ಒಂದು ಗೆರೆ ಇದೆ, ದಾಟಬೇಡಿ. ತನಿಖೆ ನಡೆಸುವ ಇಇಒ ಕಚೇರಿ ನಿಷ್ಪಕ್ಷವಾಗಿರಬೇಕು, ನೀವು ಏಜೆನ್ಸಿಯನ್ನು ಸಮರ್ಥಿಸುವವರು. ಎರಡೂ ಬೆರೆಯಬಾರದು ಅಂತ ಇಇಒಸಿಯ ನಿರ್ದೇಶನವೇ ಇದೆ. ತನಿಖಾಧಿಕಾರಿಗೆ ಫೋನ್ ಮಾಡಿ ಈ ಸಾಕ್ಷಿಯನ್ನು ಬಿಡಿ, ಆ ಪ್ರಶ್ನೆ ಕೇಳಿ ಅಂದರೆ ತನಿಖೆಯ ಮೇಲಿನ ನಂಬಿಕೆಯೇ ಹೋಗುತ್ತದೆ, ಮತ್ತೆ ಅದೇ ವರದಿಯನ್ನು ಹಿಡಿದುಕೊಂಡು ನೀವು ನ್ಯಾಯಾಧೀಶರ ಮುಂದೆ ಹೋಗಬೇಕಾಗುತ್ತದೆ.

ಎಂಎಸ್‌ಪಿಬಿ ದಾರಿ ಬೇರೆ, ಅಲ್ಲಿ ವೇಗ ಜಾಸ್ತಿ. ವಜಾ ಜಾರಿಯಾದ 30 ದಿನದಲ್ಲಿ ನೌಕರ ಮೇಲ್ಮನವಿ ಹಾಕುತ್ತಾರೆ. ನ್ಯಾಯಾಧೀಶರ ಮೊದಲ ಆದೇಶ ಬಂದ 20 ದಿನದಲ್ಲಿ ನಿಮ್ಮ ಉತ್ತರ ಮತ್ತು ಪೂರ್ತಿ ಫೈಲು ಹೋಗಬೇಕು. ಮೊದಲ ತೀರ್ಪು 120 ದಿನದಲ್ಲಿ ಕೊಡುವುದು ಅಲ್ಲಿನ ಗುರಿ. 20 ದಿನ ಅನ್ನುವುದು ಕೇಳಲು ಜಾಸ್ತಿ ಅನ್ನಿಸುತ್ತದೆ, ಆದರೆ ಎಚ್‌ಆರ್‌ನವರು ಫೈಲು ಹುಡುಕಿ ಕಳಿಸುವಷ್ಟರಲ್ಲೇ ಒಂದು ವಾರ ಹೋಗಿರುತ್ತದೆ. ಆದೇಶ ಬಂದ ದಿನವೇ ಎಚ್‌ಆರ್‌ಗೆ ಫೋನ್ ಮಾಡಿ, ಮೇಲ್ ಕಳಿಸಿ ಸುಮ್ನೆ ಕೂರಬೇಡಿ.

ವಜಾ ಆದ ನೌಕರ ಅದರ ಜೊತೆಗೆ ತಾರತಮ್ಯವನ್ನೂ ಹೇಳಿದರೆ ಅದಕ್ಕೆ ಮಿಕ್ಸ್ಡ್ ಕೇಸ್ ಅನ್ನುತ್ತಾರೆ. ಎಂಎಸ್‌ಪಿಬಿಯ ಅಂತಿಮ ತೀರ್ಪು ಬಂದ ಮೇಲೆ, ಬರೀ ಎಂಎಸ್‌ಪಿಬಿ ವಿಷಯವಾದರೆ 60 ದಿನದಲ್ಲಿ ಫೆಡರಲ್ ಸರ್ಕ್ಯೂಟಿಗೆ, ಮಿಕ್ಸ್ಡ್ ಆದರೆ 30 ದಿನದಲ್ಲಿ ಜಿಲ್ಲಾ ಕೋರ್ಟಿಗೆ ಹೋಗಬೇಕು. ಇದು ಎಷ್ಟು ಗೊಂದಲದ ವಿಷಯ ಅಂದರೆ ಅಮೆರಿಕದ ಸುಪ್ರೀಂ ಕೋರ್ಟೇ 2012ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ಬಿಡಿಸಿ ಹೇಳಬೇಕಾಯಿತು.

ಕ್ರಮಕ್ಕೆ ಮುಂಚೆಯೇ ಕೇಳಿದರೆ ಅದು ಭಾಗ್ಯ

ಒಳ್ಳೆಯ ಮ್ಯಾನೇಜರುಗಳು ನೋಟಿಸ್ ಕೊಡುವ ಮುಂಚೆ ನಮ್ಮನ್ನು ಕೇಳುತ್ತಾರೆ. ನಮ್ಮಲ್ಲಿ ಸಂವಿಧಾನದ 311ನೇ ವಿಧಿ ಇದೆಯಲ್ಲ, ಆರೋಪ ತಿಳಿಸದೆ, ಮಾತಾಡಲು ಅವಕಾಶ ಕೊಡದೆ ಸರ್ಕಾರಿ ನೌಕರನನ್ನು ತೆಗೆಯಬಾರದು ಅನ್ನುವುದು, ಇಲ್ಲೂ ಅಂಥದ್ದೇ ತತ್ವ. ವಜಾ ಮಾಡಬೇಕಾದರೆ ಸಾಮಾನ್ಯವಾಗಿ 30 ದಿನ ಮುಂಚಿತ ನೋಟಿಸ್, ಉತ್ತರ ಕೊಡಲು ಕನಿಷ್ಠ 7 ದಿನ, ಆಮೇಲೆ ಕಾರಣ ಬರೆದ ಆದೇಶ.

ಆರೋಪಕ್ಕೆ ಹೆಸರಿಡುವಾಗ ಬಹಳ ಯೋಚಿಸಿ. ಕಚೇರಿಯ ಲ್ಯಾಪ್‌ಟಾಪ್ ಮನೆಗೆ ಒಯ್ದ ನೌಕರನ ಮೇಲೆ ಕೋಪದಲ್ಲಿ "ಕಳ್ಳತನ" ಅಂತ ಬರೆದರೆ, ಅದನ್ನು ವಾಪಸು ಕೊಡುವ ಉದ್ದೇಶವೇ ಇರಲಿಲ್ಲ ಅಂತಲೂ ನೀವು ಸಾಬೀತು ಮಾಡಬೇಕು. ಅನುಮತಿ ಇಲ್ಲದೆ ಒಯ್ದರು ಅಂತ ಬರೆದರೆ, ಒಯ್ದದ್ದು ಮತ್ತು ಅನುಮತಿ ಇರಲಿಲ್ಲ, ಇವೆರಡೇ ಸಾಕು. ನಡೆದದ್ದು ಎಷ್ಟೋ ಅಷ್ಟನ್ನೇ ಬರೆಯುವುದು ನೌಕರನಿಗೂ ನ್ಯಾಯ, ನಿಮಗೂ ಸುಲಭ.

ಶಿಕ್ಷೆ ಎಷ್ಟು ಅನ್ನುವುದಕ್ಕೆ ಎಂಎಸ್‌ಪಿಬಿಯ 1981ರ ಡಗ್ಲಸ್ ತೀರ್ಪಿನ 12 ಅಂಶಗಳಿವೆ. ತಪ್ಪು ಎಷ್ಟು ದೊಡ್ಡದು, ನೌಕರ ಎಷ್ಟು ವರ್ಷ ಹೇಗೆ ಕೆಲಸ ಮಾಡಿದ್ದಾರೆ, ಇದೇ ತಪ್ಪು ಮಾಡಿದ ಬೇರೆಯವರಿಗೆ ಏನು ಶಿಕ್ಷೆ ಕೊಟ್ಟಿರಿ, ಸುಧಾರಿಸುವ ಸಾಧ್ಯತೆ ಇದೆಯಾ, ಹೀಗೆ. ಈ ಅಂಶಗಳ ಬಗ್ಗೆ ಬರೆಯಬೇಕಾದ ಹಾಳೆಯಲ್ಲಿ ಪ್ರತಿ ಅಂಶದ ಎದುರಿಗೆ "ಪರಿಗಣಿಸಲಾಗಿದೆ" ಅಂತ ಬರೆದು ಕಳಿಸುವ ಅಧಿಕಾರಿಗಳಿದ್ದಾರೆ. ಅದನ್ನು ವಾಪಸು ಕಳಿಸಿ. 18 ವರ್ಷ ಒಂದೂ ಕಪ್ಪುಚುಕ್ಕೆ ಇಲ್ಲದೆ ದುಡಿದವರನ್ನು ತೆಗೆಯುತ್ತಿದ್ದೀರಿ ಅಂದರೆ ಆ 18 ವರ್ಷದ ಬಗ್ಗೆ ನಾಲ್ಕು ವಾಕ್ಯವಾದರೂ ಬೇಕು ಅಲ್ವಾ?

ಮತ್ತೆ, ಅಂತಿಮ ನಿರ್ಧಾರ ಮಾಡುವ ಅಧಿಕಾರಿಗೆ ಬಿಡಿಸಿ ಹೇಳಿ: ನೋಟಿಸಿನಲ್ಲಿ ಇಲ್ಲದ ಹೊಸ ವಿಷಯವನ್ನು ಯಾರೋ ಕಾರಿಡಾರಿನಲ್ಲಿ ಹೇಳಿದರು ಅಂತ ಮನಸ್ಸಿಗೆ ತೆಗೆದುಕೊಂಡು ನಿರ್ಧರಿಸಬಾರದು. ಅಂಥ ಒಂದು ಮಾತಿನಿಂದ ಇಡೀ ಆದೇಶ ಬಿದ್ದುಹೋಗಬಹುದು.

ಫೈಲು ಓದುವ ರೀತಿ

ನಾನು ಮಾಡುವುದು ಹೀಗೆ. ಮೊದಲ ದಿನ ನಮ್ಮ ಕಡೆಯ ಪತ್ರ ಓದುವುದಿಲ್ಲ. ನೌಕರನ ದೂರು ಓದುತ್ತೇನೆ, ಅವರ ಹೇಳಿಕೆ ಓದುತ್ತೇನೆ, ಅವರ ಮಾತನ್ನೇ ನಿಜ ಅಂದುಕೊಂಡು ಓದುತ್ತೇನೆ. ಎರಡನೇ ದಿನ ಉಳಿದದ್ದು. ಆಮೇಲೆ ಒಂದು ತಾರೀಖುಪಟ್ಟಿ. ಎಡಗಡೆ ತಾರೀಖು, ನಡುವೆ ಏನಾಯಿತು, ಬಲಗಡೆ ಅದಕ್ಕೆ ಯಾವ ಪುಟ ಆಧಾರ. ಪುಟ ಇಲ್ಲದ ಸಾಲಿಗೆ ಕೆಂಪು ಬಣ್ಣ. ಕೆಂಪು ಸಾಲುಗಳೇ ಮುಂದಿನ ತಿಂಗಳ ನನ್ನ ಕೆಲಸ.

ಒಂದು ಕೇಸು ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನೌಕರೆಯೊಬ್ಬರು ಮೇಲಧಿಕಾರಿಯ ಮೇಲೆ ತಾರತಮ್ಯದ ದೂರು ಕೊಟ್ಟಿದ್ದರು. ಅದು ಅಧಿಕಾರಿಗೆ ಗೊತ್ತಾದದ್ದು ಮಾರ್ಚ್ 4ಕ್ಕೆ. ಅಮಾನತಿನ ನೋಟಿಸ್ ಹೋದದ್ದು ಮಾರ್ಚ್ 20ಕ್ಕೆ. "ಫೆಬ್ರವರಿಯಲ್ಲೇ ನಿರ್ಧಾರ ಮಾಡಿದ್ದೆ, ದೂರಿಗೂ ಇದಕ್ಕೂ ಸಂಬಂಧ ಇಲ್ಲ" ಅಂತ ಅಧಿಕಾರಿ ಖಡಾಖಂಡಿತ ಹೇಳಿದರು. ದೂರಿಗೆ ಮುಂಚೆಯೇ ಹೊರಟಿದ್ದ ಕ್ರಮವನ್ನು ದೂರು ಬಂತು ಅಂತ ನಿಲ್ಲಿಸಬೇಕಿಲ್ಲ, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೇಳಿದೆ. ಹಾಗಾಗಿ ಅವರ ಮಾತು ನಿಜವಾಗಿದ್ದರೆ ನಮ್ಮ ಕೇಸು ಗಟ್ಟಿ. ನೋಟಿಸಿನ ಮೂಲ ವರ್ಡ್ ಫೈಲು ತರಿಸಿದೆ. ಅದರ ಗುಣಲಕ್ಷಣದ ಪುಟದಲ್ಲಿ ಫೈಲು ಹುಟ್ಟಿದ ದಿನ ಮಾರ್ಚ್ 6 ಅಂತ ಇತ್ತು. ಫೆಬ್ರವರಿಯ ಒಂದು ಮೇಲ್ ಇಲ್ಲ, ಎಚ್‌ಆರ್ ಜೊತೆ ಮಾತಾಡಿದ ಒಂದು ಟಿಪ್ಪಣಿ ಇಲ್ಲ.

ಆ ಪುಟವನ್ನು ಪ್ರಿಂಟ್ ತೆಗೆದು ಅಧಿಕಾರಿಯ ಮುಂದೆ ಮೇಜಿನ ಮೇಲೆ ಇಟ್ಟೆ. ತುಂಬಾ ಹೊತ್ತು ಅದನ್ನೇ ನೋಡಿದರು. ಕೊನೆಗೆ "ಮನಸ್ಸಿನಲ್ಲಿ ನಿರ್ಧಾರ ಮಾಡಿದ್ದೆ" ಅಂದರು. ಇದನ್ನೇ ನೀವು ಪ್ರಮಾಣ ಮಾಡಿ ಹೇಳಿದರೆ ಎದುರಿನ ವಕೀಲರು ಮುಂದಿನ ಪ್ರಶ್ನೆ ಏನು ಕೇಳುತ್ತಾರೆ ಗೊತ್ತಾ ಅಂತ ನಾನೇ ಕೇಳಿದೆ. ಅದೇ ತಿಂಗಳು ರಾಜಿ ಆಯಿತು. ನೋಟಿಸ್ ರದ್ದಾಯಿತು, ಆಕೆ ಬೇರೆ ವಿಭಾಗಕ್ಕೆ ಹೋದರು. ಆ ಪುಟ ನಮಗೆ ಒಂದು ವರ್ಷದ ನಂತರ ಡೆಪೊಸಿಷನ್ನಿನಲ್ಲಿ, ಅಂದರೆ ವಿಚಾರಣೆಗೆ ಮುಂಚೆ ಎದುರಿನ ವಕೀಲರು ಪ್ರಮಾಣದ ಮೇಲೆ ಪ್ರಶ್ನೆ ಕೇಳುವಾಗ, ಸಿಕ್ಕಿದ್ದರೆ ಎಲ್ಲರಿಗೂ ಎಷ್ಟು ನೋವು, ಎಷ್ಟು ಖರ್ಚು ಅಂತ ಈಗಲೂ ಅನ್ನಿಸುತ್ತದೆ.

ಮ್ಯಾನೇಜರ್ ಜೊತೆ ಮೊದಲ ಮಾತು

ಕೂತ ಕೂಡಲೇ ಇದನ್ನು ಹೇಳಿ: "ನಾನು ಏಜೆನ್ಸಿಯ ವಕೀಲೆ, ನಿಮ್ಮ ಸ್ವಂತ ವಕೀಲೆ ಅಲ್ಲ. ಈ ಮಾತುಕತೆ ಗೋಪ್ಯ, ಆದರೆ ಆ ಗೋಪ್ಯತೆ ಏಜೆನ್ಸಿಯದ್ದು. ಬೇಕು ಅಂದರೆ ಏಜೆನ್ಸಿ ಅದನ್ನು ಬಿಟ್ಟುಕೊಡಬಹುದು." ಅವರಿಗೆ ಸ್ವಲ್ಪ ಕಸಿವಿಸಿ ಆಗುತ್ತದೆ, ಆಗಲಿ. ಆಮೇಲೆ ಅವರು ನಿಮ್ಮನ್ನು ತಪ್ಪು ತಿಳಿಯುವುದಕ್ಕಿಂತ ಈಗಲೇ ತಿಳಿದುಕೊಳ್ಳುವುದು ಒಳ್ಳೇದು.

ಅದೇ ದಿನ ದಾಖಲೆ ಉಳಿಸಿಕೊಳ್ಳುವ ಆದೇಶವನ್ನೂ ಲಿಖಿತವಾಗಿ ಕೊಡಿ. ಮೇಲ್, ಟೀಮ್ಸ್ ಮಾತುಕತೆ, ಫೋನಿನ ಮೆಸೇಜು, ಡೈರಿ, ಹಳದಿ ಚೀಟಿ, ಏನನ್ನೂ ಅಳಿಸಬಾರದು, ಹರಿಯಬಾರದು. ಸ್ವಂತ ಫೋನಿನಿಂದ ಸಹೋದ್ಯೋಗಿಗೆ ಕಳಿಸಿದ ವಾಟ್ಸಾಪ್ ಕೂಡ ಸೇರುತ್ತದೆ ಅಂತ ಹೆಸರು ಹಿಡಿದೇ ಹೇಳಿ, ಇಲ್ಲದಿದ್ದರೆ ಅವರಿಗೆ ಹೊಳೆಯುವುದಿಲ್ಲ.

ಎದುರಿಗೆ ವಕೀಲರಿಲ್ಲದಿದ್ದಾಗ

ತಮ್ಮ ಕೇಸನ್ನು ತಾವೇ ನಡೆಸುವ ನೌಕರರು ಬಹಳ ಜನ. ಕೆಲಸ ಹೋಗಿರುತ್ತದೆ, ವಕೀಲರಿಗೆ ಕೊಡಲು ದುಡ್ಡಿರುವುದಿಲ್ಲ. ರಾತ್ರಿ 2 ಗಂಟೆಗೆ ಉದ್ದುದ್ದ ಮೇಲ್ ಬರೆಯುತ್ತಾರೆ, ಕೆಲವೊಮ್ಮೆ ಬೈಯುತ್ತಾರೆ. ಬೆಳಗ್ಗೆ ಉತ್ತರ ಬರೆಯಿರಿ, ಸಭ್ಯವಾಗಿ, ಚಿಕ್ಕದಾಗಿ. ಅವರಿಗೆ ಕಾನೂನು ಸಲಹೆ ಕೊಡಲು ನಿಮಗಾಗದು, ಅದನ್ನು ನೇರವಾಗಿ ಹೇಳಿ. ಆದರೆ ದಾಖಲೆ ಕೇಳಿದರೆ ಪುಟಸಂಖ್ಯೆ ಹಾಕಿ ಓದುವ ಹಾಗೆ ಕೊಡಬಹುದು, ಗಡುವು ಮುಂದಕ್ಕೆ ಹಾಕಿ ಅಂದರೆ ಕಾರಣ ಸರಿ ಇದ್ದಾಗ ಒಪ್ಪಬಹುದು. ನಮ್ಮ ಕಕ್ಷಿದಾರ ಸರ್ಕಾರ, ಆ ಸರ್ಕಾರದಲ್ಲಿ ಅವರೂ ಅಷ್ಟು ವರ್ಷ ದುಡಿದವರು. ನಾನು ಇದನ್ನು ಮನಸಾರೆ ನಂಬುತ್ತೇನೆ.

ರಾಜಿ

ತಾರತಮ್ಯ ಸಾಬೀತಾದರೆ ನೋವಿಗೆ ಕೊಡುವ ಪರಿಹಾರಕ್ಕೆ ದೊಡ್ಡ ಏಜೆನ್ಸಿಗಳಲ್ಲಿ 3,00,000 ಡಾಲರ್ ಮಿತಿ ಇದೆ. ಸರ್ಕಾರದ ಮೇಲೆ ದಂಡರೂಪದ ಪರಿಹಾರ ಇಲ್ಲ. ಹಿಂಬಾಕಿ ಸಂಬಳ, ವಕೀಲರ ಫೀಸು ಈ ಮಿತಿಯ ಹೊರಗೆ, ಫೀಸೇ ಕೆಲವೊಮ್ಮೆ ಪರಿಹಾರಕ್ಕಿಂತ ಜಾಸ್ತಿ ಆಗುತ್ತದೆ. ಆಡಳಿತಾತ್ಮಕ ಹಂತದ ರಾಜಿಯ ದುಡ್ಡು ಏಜೆನ್ಸಿಯ ಸ್ವಂತ ಬಜೆಟ್ಟಿನಿಂದ ಹೋಗುತ್ತದೆ. ಕೋರ್ಟಿನಲ್ಲಾದರೆ ಖಜಾನೆಯ ಜಡ್ಜ್‌ಮೆಂಟ್ ಫಂಡ್ ಕೊಡುತ್ತದೆ, ಆದರೆ 2002ರ ನೋ ಫಿಯರ್ ಕಾಯಿದೆ ಬಂದ ಮೇಲೆ ತಾರತಮ್ಯದ ಕೇಸುಗಳಲ್ಲಿ ಏಜೆನ್ಸಿ ಅದನ್ನು ತುಂಬಿಕೊಡಬೇಕು. ಕೋರ್ಟಿಗೆ ಹೋದರೆ ನಮ್ಮ ಜೇಬಿನದ್ದು ಹೋಗುವುದಿಲ್ಲ ಅನ್ನುವ ಮ್ಯಾನೇಜರಿಗೆ ಇದನ್ನು ತಿಳಿಸಿ.

ದುಡ್ಡಿಗಿಂತ ನೌಕರರು ಹೆಚ್ಚು ಕೇಳುವುದು ಬೇರೆ: ವಜಾ ಅನ್ನುವುದನ್ನು ರಾಜೀನಾಮೆ ಅಂತ ಬದಲಿಸಿ, ಹೊಸ ಕಡೆ ಕೇಳಿದರೆ ಕೆಲಸ ಮಾಡಿದ ತಾರೀಖು ಮಾತ್ರ ಹೇಳಿ. ಏನು ಬೇಕು ಅಂತ ಮೊದಲು ಕೇಳಿ, ಅಂಕಿ ಆಮೇಲೆ.

ವಿಚಾರಣೆಯ ದಿನ

ಎಂಎಸ್‌ಪಿಬಿಯಲ್ಲಿ ಸಾಬೀತು ಮಾಡುವ ಭಾರ ನಿಮ್ಮದು, ಮೊದಲು ಸಾಕ್ಷಿ ಕರೆಯುವವರೂ ನೀವೇ. ದುರ್ನಡತೆಯ ಕೇಸಿಗೆ ತಕ್ಕಡಿ ಸ್ವಲ್ಪವಾದರೂ ನಿಮ್ಮ ಕಡೆ ವಾಲಬೇಕು, ಕೆಲಸದ ಗುಣಮಟ್ಟದ ಕೇಸಿಗೆ ಅದಕ್ಕಿಂತ ಕಡಿಮೆ ಸಾಕು. ಅಕ್ರಮ ಬಯಲು ಮಾಡಿದ್ದು ತಮ್ಮ ಮೇಲಿನ ಕ್ರಮಕ್ಕೆ ಕಾರಣವಾಯಿತು ಅಂತ ನೌಕರ ತೋರಿಸಿದರೆ, ಆ ದೂರು ಇಲ್ಲದಿದ್ದರೂ ಅದೇ ಕ್ರಮ ತೆಗೆದುಕೊಳ್ಳುತ್ತಿದ್ದೆವು ಅಂತ ನೀವು ಬಹಳ ಗಟ್ಟಿ ಪುರಾವೆಯಿಂದ ತೋರಿಸಬೇಕು.

ಸಾಕ್ಷಿಗೆ ಉತ್ತರ ಕಲಿಸಬೇಡಿ. ಅವರದೇ ಮೇಲ್‌ಗಳನ್ನು ಅವರೇ ಓದುವಂತೆ ಮಾಡಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುವುದನ್ನು ಅಭ್ಯಾಸ ಮಾಡಿಸಿ, ಅಷ್ಟು ಸಾಕು. ಬ್ರೀಫ್, ಅಂದರೆ ಲಿಖಿತ ವಾದ, ಬರೆಯುವಾಗ ಹಳೇದರಿಂದ ಕಾಪಿ ಮಾಡುವ ಚಟ ನಮ್ಮ ಕಚೇರಿಗಳಲ್ಲಿ ಜಾಸ್ತಿ. 2023ರಲ್ಲಿ ಭಾನುವಾರ ಕೆಲಸ ಮಾಡಲು ಒಪ್ಪದ ಅಂಚೆ ನೌಕರರೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಧಾರ್ಮಿಕ ವಿನಾಯಿತಿ ನಿರಾಕರಿಸುವ ಮಾಲೀಕರಿಗೆ ಅಳತೆಗೋಲನ್ನೇ ಬಿಗಿ ಮಾಡಿತು. 2024ರಲ್ಲಿ ವರ್ಗಾವಣೆಯ ತಾರತಮ್ಯಕ್ಕೆ ದೊಡ್ಡ ನಷ್ಟವನ್ನೇ ತೋರಿಸಬೇಕಿಲ್ಲ, ಒಂದಿಷ್ಟು ನಷ್ಟ ಸಾಕು ಅಂದಿತು. ಇವೆರಡಕ್ಕೂ ಮುಂಚಿನ ಪ್ಯಾರಾ ನಿಮ್ಮ ಬ್ರೀಫಿನಲ್ಲಿ ಉಳಿದಿದ್ದರೆ ನ್ಯಾಯಾಧೀಶರು ಉಳಿದದ್ದನ್ನೂ ಅನುಮಾನದಿಂದಲೇ ಓದುತ್ತಾರೆ.

ಕೊನೆಗೆ ಒಂದು ಹಾಳೆ

ಎಂಎಸ್‌ಪಿಬಿ ನ್ಯಾಯಾಧೀಶರ ಮೊದಲ ತೀರ್ಪು ಬಂದ ಮೇಲೆ ಅಲ್ಲಿನದೇ ಮೂರು ಸದಸ್ಯರ ಮಂಡಳಿಗೆ ಮನವಿ ಹಾಕಲು 35 ದಿನ. 2017ರ ಜನವರಿಯಿಂದ 2022ರ ಮಾರ್ಚ್‌ವರೆಗೆ ಆ ಮಂಡಳಿಯಲ್ಲಿ ತೀರ್ಪು ಕೊಡಲು ಬೇಕಾದಷ್ಟು ಸದಸ್ಯರೇ ಇರಲಿಲ್ಲ, 3,000ಕ್ಕೂ ಹೆಚ್ಚು ಕೇಸು ರಾಶಿ ಬಿದ್ದವು. ಐದು ವರ್ಷದ ಮೇಲೆ ವಾಪಸು ಬಂದ ಫೈಲು ತೆರೆದರೆ ಮ್ಯಾನೇಜರ್ ನಿವೃತ್ತ, ಎಚ್‌ಆರ್‌ನವರು ಬೇರೆ ಏಜೆನ್ಸಿಗೆ, ಕೇಸು ನಡೆಸಿದ ವಕೀಲರ ನಂಬರೂ ಇಲ್ಲ.

ಹಾಗಾಗಿ ಪ್ರತಿ ಕೇಸಿನ ವಿಚಾರಣೆ ಮುಗಿದ ವಾರವೇ ಒಂದು ಹಾಳೆ ಬರೆದು ಫೈಲಿನ ಮೇಲ್ಗಡೆ ಇಡುತ್ತೇನೆ. ಯಾವ ಸಾಕ್ಷಿ ಏನು ಹೇಳಿದರು, ಯಾರ ಮಾತು ನ್ಯಾಯಾಧೀಶರು ನಂಬಿದಂತೆ ಕಂಡಿತು, ಮೂಲ ದಾಖಲೆ ಯಾವ ಫೋಲ್ಡರಿನಲ್ಲಿದೆ, ನಮ್ಮ ಕಡೆ ಎಲ್ಲಿ ಸೋರುತ್ತದೆ, ರಾಜಿ ಮಾತು ಎಲ್ಲಿಗೆ ನಿಂತಿತ್ತು, ಸಾಕ್ಷಿಗಳ ಸ್ವಂತ ಫೋನ್ ನಂಬರ್ ಏನು. ಕೆಳಗೆ ತಾರೀಖು ಹಾಕಿ, ನನ್ನ ಹೆಸರು ಬರೆದು, 35ನೇ ದಿನವನ್ನು ನನ್ನ ಕ್ಯಾಲೆಂಡರಿನಲ್ಲೂ ಪಕ್ಕದ ಸಹೋದ್ಯೋಗಿಯ ಕ್ಯಾಲೆಂಡರಿನಲ್ಲೂ ಹಾಕಿಸುತ್ತೇನೆ.